ಉದ್ದದ ಸಾಲಿನ ಮೇಲೆ ನನಗಿರುವ ನಂಬಿಕೆ

ಯಾವುದನ್ನೂ ಸ್ವಂತವಾಗಿ ಯೋಚಿಸಿ ತೀರ್ಮಾನ ಮಾಡುವ ಅಭ್ಯಾಸ ನನಗಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ, ಯಾಕೆಂದರೆ ಯೋಚಿಸಿ ಮಾಡಿದವರ ಗತಿಯನ್ನೂ ಸುತ್ತಮುತ್ತ ನೋಡುತ್ತಲೇ ಇದ್ದೇನೆ. ನನ್ನದು ಸುಲಭದ ದಾರಿ: ಎಲ್ಲಿ ಜನ ಜಾಸ್ತಿ ಇದ್ದಾರೋ ಅಲ್ಲಿ ಹೋಗಿ ನಿಲ್ಲುವುದು. ಹೋಟೆಲ್ ಮುಂದೆ ಸ್ಕೂಟರುಗಳು ಒಂದರ ಮೈಮೇಲೊಂದು ಒರಗಿದ್ದರೆ ಒಳಗೆ ದೋಸೆ ಚೆನ್ನಾಗಿದೆ ಅಂತ ಅರ್ಥ. ಹಲಸೂರು ಮಾರ್ಕೆಟ್ಟಿನಲ್ಲಿ ಯಾವ ಸೊಪ್ಪಿನವಳ ಮುಂದೆ ಹೆಂಗಸರು ಗುಂಪುಗಟ್ಟಿದ್ದಾರೋ ಅವಳ ಸೊಪ್ಪೇ ಎಳೆಯದು. ಒಂದು ಸಲ ಆ ಗುಂಪು ಅವಳ ಜೊತೆ ಜಗಳಕ್ಕೆ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ಆದರೆ ಒಂದೇ ಒಂದು ಪ್ರಸಂಗಕ್ಕೆ ಹೆದರಿ ಸಿದ್ಧಾಂತ ಬಿಡಲಾಗುತ್ತದೆಯೇ? ಇನ್ನೊಮ್ಮೆ ದೊಮ್ಮಲೂರಿನಲ್ಲಿ ಎರಡು ಬಸ್ಸು ಒಟ್ಟಿಗೆ ಬಂದವು. ಖಾಲಿ ಬಸ್ಸಿನಲ್ಲಿ ಏನೋ ದೋಷವಿರಬೇಕು ಅಂತ ತುಂಬಿದ್ದಕ್ಕೆ ಜೋತುಬಿದ್ದೆ. ಹಲಸೂರಿಗೆ ಹೋಗಬೇಕಾದವನು ಕೆ.ಆರ್. ಪುರದಲ್ಲಿ ಇಳಿದೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ಕುರಿಬುದ್ಧಿ ಅನ್ನುತ್ತಾಳೆ. ನಾನು ಪ್ರಜಾಪ್ರಭುತ್ವ ಅನ್ನುತ್ತೇನೆ.

ನನ್ನ ಎರಡನೆಯ ನಂಬಿಕೆ ನನ್ನ ಕಣ್ಣುಗಳ ಮೇಲೆ. ವಿಮಾನಪುರದ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು ನಾನು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಹಿಡಿದು ವಾಪಸ್ ಕಳಿಸುತ್ತಿದ್ದವನಿಗೆ ಕಣ್ಣು ಮಂಜಾಗಿದೆ ಅಂದರೆ ಸಹಿಸಲಾದೀತೆ? ನಿವೃತ್ತಿಯ ನಂತರ ಪೇಪರಿನ ಅಕ್ಷರ ಮಸುಕಾಯಿತು. ಪತ್ರಿಕೆಯವರು ಮಸಿ ಉಳಿಸುತ್ತಿದ್ದಾರೆ ಅಂದುಕೊಂಡೆ. ಮನೆಯಲ್ಲಿ ಬೆಳಕು ಸಾಲದಾಯಿತು. ಈಗಿನ ಬಲ್ಬುಗಳ ಹಣೆಬರಹವೇ ಅಷ್ಟು ಅಂತ ಎಲ್ಲವನ್ನೂ ಬದಲಾಯಿಸಿದೆ. ಒಂದು ಸಂಜೆ ಕೆರೆ ದಂಡೆಯಲ್ಲಿ ಎದುರಿಗೆ ಬಂದ ಭಾವಮೈದುನನನ್ನು ಮಾತಾಡಿಸದೆ ದಾಟಿಹೋದೆ. ಅದನ್ನು ಮಾತ್ರ ಸುಮಿತ್ರಾ ಕಣ್ಣಿನ ದೋಷ ಅಂತ ಒಪ್ಪಲಿಲ್ಲ, ಬೇಕಂತಲೇ ಮಾಡಿದ್ದು ಅಂದಳು. ಆದರೂ ಡಾಕ್ಟರ ಹತ್ತಿರ ಹೋಗಿ ಅಂತ ವರ್ಷಗಟ್ಟಲೆ ಬೆನ್ನುಹತ್ತಿದಳು. ನಮ್ಮಪ್ಪ ಕೊನೆಯವರೆಗೂ ಕನ್ನಡಕವಿಲ್ಲದೆ ಪಂಚಾಂಗ ಓದುತ್ತಿದ್ದರು ಅಂತ ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಅವರಿಗೆ ಪಂಚಾಂಗ ಬಾಯಿಪಾಠವಾಗಿತ್ತು ಅಂತ ಅವಳೂ ಪ್ರತಿ ಸಲ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಪರದೆ ಬಟ್ಟೆ ತರಲು ಶಿವಾಜಿನಗರಕ್ಕೆ ಹೋದೆ. ಅಂಗಡಿ ಇನ್ನೂ ತೆಗೆದಿರಲಿಲ್ಲ. ಪಕ್ಕದ ಗಲ್ಲಿಯಲ್ಲಿ ಒಂದು ಶಾದಿ ಮಹಲ್, ಅದರ ಮುಂದೆ ಸಾಲು. ಸಾಲು ಅಂದರೆ ಅಂತಿಂಥದ್ದಲ್ಲ, ಗಲ್ಲಿಯ ಮೂಲೆ ತಿರುಗಿ ಪೆಟ್ಟಿಗೆ ಅಂಗಡಿಯವರೆಗೂ ಬಂದಿತ್ತು. ಹಿಂದಿನ ಅಡುಗೆಮನೆಯಿಂದ ಬಿರಿಯಾನಿಯ ಘಮ. ಬಾಗಿಲ ಮೇಲೆ ಬ್ಯಾನರು. ಅಷ್ಟು ದೂರದಿಂದ ಅಕ್ಷರ ಕಾಣಲಿಲ್ಲ, ಚಿತ್ರ ಮಾತ್ರ ಕಂಡಿತು: ಅಗಲವಾದ ಬಿಳಿ ತಟ್ಟೆ, ನಡುವೆ ಅರ್ಧಕ್ಕೆ ಕುಯ್ದ ಬೇಯಿಸಿದ ಮೊಟ್ಟೆ. ನಮ್ಮ ಊರಲ್ಲಿ ಬೆಳ್ಳಂಬೆಳಿಗ್ಗೆ ಬಿರಿಯಾನಿಗೆ ಸಾಲು ನಿಲ್ಲುವುದು ಹೊಸದೇನಲ್ಲ. ಹೋಗಿ ನಿಂತೆ.

ಮುಂದೆ ನಿಂತಿದ್ದವರ ಪರಿಚಯ ಮಾಡಿಕೊಂಡೆ: ಗೌಸ್ ಸಾಹೇಬರು, ಫ್ರೇಜರ್ ಟೌನಿನವರು, ಬೆಡ್‌ಶೀಟ್ ವ್ಯಾಪಾರ. ಇಲ್ಲಿ ಹೇಗೆ ಅಂತ ವಿಚಾರಿಸಿದೆ.

"ಬಹಳ ಚೆನ್ನಾಗಿ ನೋಡ್ಕೊಳ್ತಾರೆ ಸಾರ್. ಹೋದ ಸಲ ನಮ್ಮ ಅಮ್ಮಿಗೂ ಇಲ್ಲೇ ಮಾಡಿಸಿದ್ದು. ನೀವು ಖಾಲಿ ಹೊಟ್ಟೆ ಅಲ್ವಾ?"

ಎರಡು ಇಡ್ಲಿ ಅಷ್ಟೇ, ಜಾಗ ಇದೆ ಅಂದೆ. ಅವರು ಯಾಕೋ ಚಿಂತೆಯಿಂದ ನೋಡಿ, ಪರವಾಗಿಲ್ಲ, ಒಳಗೆ ಕೇಳಿದರೆ ಹೇಳಿಬಿಡಿ ಅಂದರು. ತಾಯಿಗೆಂದು ಹಂಡೆಗಟ್ಟಲೆ ಬಿರಿಯಾನಿ ಮಾಡಿಸುವ ಮಗ, ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ. ಪಕ್ಕದ ಬಾಗಿಲಿಂದ ಹೊರಗೆ ಬರುತ್ತಿದ್ದವರನ್ನೂ ಗಮನಿಸಿದೆ. ಒಬ್ಬೊಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಖಾರ ಚೆನ್ನಾಗಿ ಹಾಕಿದ್ದಾರೆ. ಕೆಲವರನ್ನು ಮನೆಯವರು ತೋಳು ಹಿಡಿದು ನಡೆಸುತ್ತಿದ್ದರು. ಮಿತಿಮೀರಿ ತಿಂದರೆ ಹಾಗೇ ಆಗುವುದು. ಕೈಯಲ್ಲಿ ಪೊಟ್ಟಣವಿಲ್ಲವಲ್ಲ ಅಂತ ಒಂದು ಕ್ಷಣ ಅನುಮಾನ ಬಂತು. ಪಾರ್ಸಲ್ ಇಲ್ಲ, ಅಲ್ಲೇ ಕೂತು ತಿನ್ನಬೇಕು ಅಂತ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಬೆನ್ಸನ್ ಟೌನಿನ ಯುವ ದಂಪತಿ ಬಂದು, ಇದು ಏನು ಸಾಲು ಅಂತ ನನ್ನನ್ನೇ ಕೇಳಿದರು. ಬಿರಿಯಾನಿ, ಇಲ್ಲಿನದು ಬಹಳ ಹೆಸರುವಾಸಿ ಅಂದೆ. ಬಿಳಿಕೂದಲಿನ ಮನುಷ್ಯ ಸುಳ್ಳು ಹೇಳುತ್ತಾನೆಯೇ ಅಂತ ಅವರೂ ನಿಂತರು. ಅವರನ್ನು ನೋಡಿ ಮತ್ತಷ್ಟು ಜನ. ನನ್ನ ಹಿಂದೆ ಬೆಳೆದ ಸಾಲನ್ನು ನೋಡಿ ನನಗೇ ಧೈರ್ಯ ಹೆಚ್ಚಾಯಿತು.

ಬಾಗಿಲು ದಾಟಿದ ಕೂಡಲೇ ಬಿಳಿ ಕೋಟಿನ ಹುಡುಗಿಯೊಬ್ಬಳು ಕುರ್ಚಿ ತೋರಿಸಿ, ತಲೆ ಮೇಲೆತ್ತಿ ಅಂದಳು. ಇದೇನು ಹೊಸ ಪದ್ಧತಿ ಅಂತ ಎತ್ತಿದೆ. ಎರಡೂ ಕಣ್ಣಿಗೆ ಔಷಧಿ ಬಿತ್ತು. ಉರಿಯ ನಡುವೆಯೇ, ಕೈಯಳತೆಯಲ್ಲಿದ್ದ ಇನ್ನೊಂದು ಬ್ಯಾನರು ಕಂಡಿತು. ಉಚಿತ ಕಣ್ಣಿನ ತಪಾಸಣೆ ಅಂತ ಮೂರು ಭಾಷೆಯಲ್ಲಿ ಬರೆದಿತ್ತು. ಮೊಟ್ಟೆ ಅಂದುಕೊಂಡದ್ದು ಕಣ್ಣುಗುಡ್ಡೆ. ಗೌಸ್ ಸಾಹೇಬರು ಖಾಲಿ ಹೊಟ್ಟೆಯಾ ಅಂತ ಕೇಳಿದ್ದು ಸಕ್ಕರೆ ಪರೀಕ್ಷೆಗೆ. ಬಿರಿಯಾನಿ ಮಧ್ಯಾಹ್ನ ಮಹಡಿಯ ಮೇಲೆ ನಡೆಯಲಿದ್ದ ಯಾರದೋ ಮದುವೆಯದು.

ಎದ್ದುಹೋಗೋಣ ಅಂದರೆ ಕಣ್ಣು ಕಾಣುತ್ತಿಲ್ಲ. ಕೂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬಲಗಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಡಗಣ್ಣು. ಮತ್ತೆ ಬಲಗಣ್ಣು. ಕಾರ್ಖಾನೆಯಲ್ಲಿ ತಿರಸ್ಕರಿಸುವ ಮುಂಚೆ ನಾನೂ ಹೀಗೇ ಎರಡು ಸಲ ನೋಡುತ್ತಿದ್ದೆ.

"ಬಲಗಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ ಅಂಕಲ್. ಅದನ್ನ ತೆಗೀಬಹುದು. ಎಡಗಣ್ಣಲ್ಲಿ ಒತ್ತಡ ಜಾಸ್ತಿ ಇದೆ, ನರಕ್ಕೆ ಈಗ ತಾನೆ ತೊಂದರೆ ಶುರುವಾಗಿದೆ. ಅದರಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ. ಒಳ್ಳೇ ಟೈಮಿಗೆ ಬಂದ್ರಿ."

ನಾನು ಯಾಕೆ ಬಂದೆ ಅಂತ ಹೇಳುವ ಧೈರ್ಯವಾಗಲಿಲ್ಲ. ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ಎದುರಿದ್ದ ಜನ ಬರೀ ಬಣ್ಣಗಳಾಗಿದ್ದರು. ಸುಮಿತ್ರಾಳ ಮುಖ ಹೀಗೆಯೇ ಒಂದು ಬಣ್ಣವಾಗಿ ಉಳಿದುಬಿಟ್ಟರೆ ಅನ್ನಿಸಿ ನಿಜವಾಗಿಯೂ ಹೆದರಿಕೆಯಾಯಿತು. ಗೌಸ್ ಸಾಹೇಬರು ತಾವೂ ಕಣ್ಣೊರೆಸಿಕೊಳ್ಳುತ್ತಾ ಬಂದು ನನ್ನ ತೋಳು ಹಿಡಿದರು. ಮಂಜುಗಣ್ಣಿನ ಇಬ್ಬರೂ ಸೇರಿ ಹೇಗೋ ಒಂದು ಆಟೋ ಹಿಡಿದೆವು. ಹಲಸೂರಿನವರೆಗೂ ಬಂದು ಮನೆ ಬಾಗಿಲಿಗೆ ಬಿಟ್ಟು ಹೋದರು. ಶಾದಿ ಮಹಲ್ ಮುಂದಿಂದ ಆಟೋ ಹೊರಡುವಾಗ ಬೆನ್ಸನ್ ಟೌನಿನ ಗಂಡ ಹಿಂದಿನಿಂದ ಬಿರಿಯಾನಿ ಎಲ್ಲಿ ಸಾರ್ ಅಂತ ಕೂಗಿದ್ದು ಕೇಳಿಸಿತು. ಯಾರೋ, ಗುರುತು ಸಿಗಲಿಲ್ಲ ಅಂತ ಗೌಸ್ ಸಾಹೇಬರಿಗೆ ಹೇಳಿದೆ. ಆ ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ.

ಸುಮಿತ್ರಾ ಎಲ್ಲವನ್ನೂ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಕೆಂಪು ಕಣ್ಣು ಮಾಡಿಕೊಂಡು ಬಂದು ಕಾಫಿ ಕೊಟ್ಟಳು. ಅವಳ ಕಣ್ಣಿಗೆ ಯಾರೂ ಔಷಧಿ ಹಾಕಿರಲಿಲ್ಲ. ಆಪರೇಷನ್ ಆಯಿತು, ಎಡಗಣ್ಣಿಗೆ ದಿನಾ ಹನಿ ಹಾಕುವುದು ಶುರುವಾಯಿತು. ಪಟ್ಟಿ ಬಿಚ್ಚಿದಾಗ ಅವಳ ಮುಖ ಸ್ಪಷ್ಟವಾಗಿ ಕಂಡಿತು, ಮುಖದ ಮೇಲಿನ ಅಭಿಪ್ರಾಯವೂ ಕಂಡಿತು. ನೋಡಲು ಬಂದ ನೆಂಟರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಉದ್ದದ ಸಾಲು ಕಂಡರೆ ನಿಲ್ಲಬೇಕು, ನೋಡಿ, ನನ್ನ ಕಣ್ಣು ಉಳಿದದ್ದೇ ಅದರಿಂದ.

"ಅದು ಬುದ್ಧಿ ಅಲ್ಲ, ಅದೃಷ್ಟ," ಅಂದಳು ಸುಮಿತ್ರಾ. "ಎರಡಕ್ಕೂ ವ್ಯತ್ಯಾಸ ಇದೆ ರೀ."

ನನಗೆ ವ್ಯತ್ಯಾಸ ಕಾಣಲಿಲ್ಲ. ಫಲ ಒಳ್ಳೆಯದಾದ ಮೇಲೆ ಯೋಚನೆ ತಪ್ಪಿತ್ತು ಅಂತ ಹೇಗೆ ಒಪ್ಪುವುದು?

ಮೊನ್ನೆ ಇಂದಿರಾನಗರಕ್ಕೆ ಯಾವುದೋ ಅರ್ಜಿ ಕೊಡಲು ಹೋದೆ. ಕಚೇರಿಯ ಕಿಟಕಿ ಮುಂದೆ ಒಳ್ಳೆಯ ಉದ್ದದ ಸಾಲು. ಕಿಟಕಿಯ ಮೇಲೆ ತೂಗುಹಾಕಿದ್ದ ಸಣ್ಣ ಬೋರ್ಡನ್ನು ರಸ್ತೆಯ ಈಚೆಯಿಂದಲೇ ಓದಿದೆ. ಈ ಕೌಂಟರ್ ಇಂದು ತೆರೆಯುವುದಿಲ್ಲ. ಒತ್ತಕ್ಷರವೊಂದೂ ಮಸುಕಾಗಿರಲಿಲ್ಲ. ಇಷ್ಟೊಂದು ಜನ ನಿಂತಿದ್ದಾರೆ ಅಂದಮೇಲೆ ಬೋರ್ಡು ನಿನ್ನೆಯದಿರಬೇಕು ಅಂತ ರಸ್ತೆ ದಾಟಿ ನಾನೂ ಹೋಗಿ ನಿಂತೆ. ಕಣ್ಣಿನ ಡಾಕ್ಟರಮ್ಮ ತಮ್ಮ ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದಾರೆ. ಉಳಿದದ್ದು ಅವರ ವಿಭಾಗಕ್ಕೆ ಸೇರಿದ್ದಲ್ಲ.