ರಿಂಗಿನ ಕೆಳಗಿನ ಕಾರು

ಅಂತರ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯದಲ್ಲಿ ಸೋಲುವುದಕ್ಕೆ ಬೇಕಾದ ಸಕಲ ಸಿದ್ಧತೆಗಳನ್ನೂ ಕಾಲೇಜು ಅವಧಿಗೆ ಮೊದಲೇ ಪೂರೈಸಿತ್ತು ಎಂಬುದನ್ನು ಆರಂಭದಲ್ಲೇ ದಾಖಲಿಸುವುದು ನ್ಯಾಯ. ಪ್ರಾಂಶುಪಾಲರ ಸಾಂತ್ವನ ಭಾಷಣ ಟೈಪಾಗಿ, ಸಮಿತಿಯ ಒಪ್ಪಿಗೆ ಪಡೆದು, ಪ್ಲಾಸ್ಟಿಕ್ ಕವರಿನೊಳಗೆ ಕುಳಿತಿತ್ತು. ಸೋತ ತಂಡದ ಫೋಟೋ ತೂಗುಹಾಕಲು ಮೆಟ್ಟಿಲ ಕೆಳಗಿನ ಗೋಡೆಗೆ ಮೊಳೆ ಹೊಡೆದಾಗಿತ್ತು. ಇಂಥ ತಂಡ ಫೈನಲ್‌ವರೆಗೆ ಬಂದದ್ದಾದರೂ ಹೇಗೆ ಎಂದು ಯಾರಾದರೂ ಕೇಳಿದರೆ, ಒಂದು ಎದುರಾಳಿ ತಂಡದ ಬಸ್ಸು ಕೆಟ್ಟು ನಿಂತಿತು, ಇನ್ನೊಂದಕ್ಕೆ ಜ್ವರ ಬಂತು ಎಂಬ ಉತ್ತರವೂ ತಯಾರಿತ್ತು. ಉಳಿದ ಪಂದ್ಯಗಳನ್ನು ಹುಡುಗಿಯರು ಆಡಿಯೇ ಗೆದ್ದಿದ್ದರು ಎಂಬುದು ಕಚೇರಿಯ ಗಮನಕ್ಕೆ ಬಂದಿರಲಿಲ್ಲ.

ಬಂದಿದ್ದದ್ದು ಒಬ್ಬರ ಗಮನಕ್ಕೆ ಮಾತ್ರ. ಅವರು ಆಟದ ಮೇಷ್ಟ್ರು. ನಿದ್ದೆಯಲ್ಲೂ ಕೊರಳಿನ ಸೀಟಿ ತೆಗೆಯುವವರಲ್ಲವಾದ್ದರಿಂದ ಇಡೀ ಕಾಲೇಜಿಗೆ ಅವರು ಸೀಟಿ ಮೇಷ್ಟ್ರು. ಆ ಸೀಟಿಯನ್ನು ಊದುವ ಭಾಗ್ಯ ಮಾತ್ರ ಅವರಿಗೆ ಅಪರೂಪ, ಏಕೆಂದರೆ ಬಾಸ್ಕೆಟ್‌ಬಾಲ್ ಅಂಕಣದ ಪಕ್ಕದಲ್ಲೇ ಪರೀಕ್ಷಾ ವಿಭಾಗವಿತ್ತು.

ಅಂಕಣಕ್ಕೆ ಇದ್ದದ್ದು ಒಂದೇ ರಿಂಗು. ಇನ್ನೊಂದು ತುದಿಯ ಕಂಬ ನೀರಿನ ಪೈಪನ್ನು ಹೊತ್ತುಕೊಂಡು ಬೇರೆ ಇಲಾಖೆಯ ಸೇವೆಯಲ್ಲಿತ್ತು. ಇದ್ದೊಂದು ರಿಂಗಿನ ನೇರ ಕೆಳಗೆ ಪ್ರಾಂಶುಪಾಲರ ಕಾರು ನಿಲ್ಲುತ್ತಿತ್ತು. ರಿಂಗಿನ ಹಿಂದಿನ ಹಲಗೆಯ ನೆರಳು ಡ್ರೈವರ್ ಸೀಟಿನಷ್ಟು ಜಾಗಕ್ಕೆ ಮಾತ್ರ ಬೀಳುತ್ತಿತ್ತು. ಕಾರನ್ನು ತಾವೇ ಓಡಿಸುವ ಪ್ರಾಂಶುಪಾಲರಿಗೆ ಅಷ್ಟೇ ಸಾಕಾಗಿತ್ತು.

ಕಾರೂ ಇರಬೇಕು, ಆಟವೂ ಇರಬೇಕು ಎಂಬ ಉದಾರ ಧೋರಣೆಯಿಂದ ಕಚೇರಿ ಅಧೀಕ್ಷಕರು ಕಾಲಕಾಲಕ್ಕೆ ನಿಯಮಗಳನ್ನು ಹೊರಡಿಸಿದ್ದರು. ಚೆಂಡನ್ನು ನೆಲಕ್ಕೆ ಬಡಿದರೆ ಪರೀಕ್ಷಾ ವಿಭಾಗದ ಏಕಾಗ್ರತೆಗೆ ಭಂಗ, ಆದ್ದರಿಂದ ಬಡಿಯತಕ್ಕದ್ದಲ್ಲ. ಹಲಗೆಗೆ ತಗುಲಿದರೆ ಸದ್ದು, ತಗುಲತಕ್ಕದ್ದಲ್ಲ. ಕಾರಿಗೆ ತಗುಲಿದರೆ ಚೆಂಡನ್ನು ಆ ವರ್ಷದ ಮಟ್ಟಿಗೆ ವಶಪಡಿಸಿಕೊಳ್ಳತಕ್ಕದ್ದು. ಅಭ್ಯಾಸವು ಪ್ರಾಂಶುಪಾಲರು ಕಚೇರಿಯಲ್ಲಿ ಇರುವಾಗ ಮಾತ್ರ ನಡೆಯಬೇಕು, ಅವರಿಲ್ಲದಿದ್ದರೆ ಅನುಮತಿ ಕೊಡುವವರು ಯಾರು. ಹೀಗಾಗಿ ಹುಡುಗಿಯರು ಕಾರಿಲ್ಲದ ರಿಂಗನ್ನು ತಮ್ಮ ಕಾಲೇಜಿನಲ್ಲಿ ಕಂಡವರೇ ಅಲ್ಲ.

ಸೀಟಿ ಮೇಷ್ಟ್ರು ಗೊಣಗಲಿಲ್ಲ. ನೆಲಕ್ಕೆ ಬಡಿಯದೆ, ಕೈಯಿಂದ ಕೈಗೆ ಚೆಂಡು ದಾಟಿಸುವುದನ್ನು ಕಲಿಸಿದರು. ಕಾರಿನ ಆಚೆ, ಬಹಳ ಆಚೆ ನಿಂತು, ಹಲಗೆಗೂ ಕಬ್ಬಿಣಕ್ಕೂ ತಾಗದಂತೆ ಚೆಂಡನ್ನು ಎತ್ತರದಿಂದ ರಿಂಗಿಗೆ ಇಳಿಸುವುದನ್ನು ಕಲಿಸಿದರು. ಇದರಲ್ಲಿ ನಾಯಕಿಯನ್ನು ಮೀರಿಸುವವರಿರಲಿಲ್ಲ. ಗಾಳಿ ಬೀಸಿದರೆ ಬಾಗುವಷ್ಟು ತೆಳ್ಳಗಿದ್ದ ಆಕೆಯನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ರಿಂಗಿನಿಂದ ಇಳಿದ ಚೆಂಡು ಕಾರಿನ ಮೇಲೆ ಬೀಳುವ ಮುನ್ನ ಹಾರಿ ಹಿಡಿಯಲು ಇನ್ನೊಬ್ಬಳನ್ನು ನೇಮಿಸಿದ್ದರು. ಅವಳ ಹೆಸರು ಬಾನೆಟ್ ಎಂದೇ ಆಗಿಹೋಗಿತ್ತು, ಅವಳ ಸ್ವಂತ ತಾಯಿಯೂ ಫೋನಿನಲ್ಲಿ ಹಾಗೇ ವಿಚಾರಿಸುತ್ತಿದ್ದರು.

ಫೈನಲ್‌ಗೆ ಕೆಲವು ದಿನ ಮೊದಲು ಅಭಿವೃದ್ಧಿ ಸಮಿತಿ ಸಭೆ ಸೇರಿ, ತಂಡವು ಸೋತ ಮಾರನೆಯ ದಿನವೇ ಅಂಕಣವನ್ನು ಕಾರ್ ಶೆಡ್ ಆಗಿ ಪರಿವರ್ತಿಸತಕ್ಕದ್ದು ಎಂದು ತೀರ್ಮಾನಿಸಿತು. ಹಲಗೆಯ ನೆರಳು ಒಬ್ಬರಿಗಷ್ಟೇ ಸಿಗುತ್ತಿರುವುದು ಉಳಿದ ಕಾರುಗಳವರ ಬಹುದಿನದ ನೋವಾಗಿತ್ತು. ಚಹಾ ಮುಗಿಯುವ ಹೊತ್ತಿಗೆ ಮೇಷ್ಟ್ರು ಎದ್ದು ನಿಂತರು.

"ಸಾರ್, ಗೆದ್ರೆ?"

ಒಬ್ಬರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೇ ಕರಗಿಹೋಯಿತು. ಅಧೀಕ್ಷಕರು ಕನ್ನಡಕ ಸರಿಮಾಡಿಕೊಂಡರು.

"ಗೆಲ್ಲೋದಕ್ಕೆ ನಮ್ಮ ನಿಯಮಾವಳಿಯಲ್ಲಿ ಅವಕಾಶವೇ ಇಲ್ವಲ್ಲ ಮೇಷ್ಟ್ರೇ."

"ಹಾಗಾದ್ರೆ ಒಂದು ಸಾಲು ಸೇರಿಸಿಬಿಡಿ ಸಾರ್. ನಿಮಗೇನೂ ನಷ್ಟ ಇಲ್ಲ."

ಪ್ರಾಂಶುಪಾಲರಿಗೆ ಅಯ್ಯೋ ಅನ್ನಿಸಿತು. ಸೇರಿಸಿ, ಪಾಪ, ಎಂದರು. ಅಧೀಕ್ಷಕರು ಸೇರಿಸಿದರು: "ಅಕಸ್ಮಾತ್ ಗೆದ್ದ ಪಕ್ಷದಲ್ಲಿ ಸದರಿ ಅಂಕಣವನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು."

ಅಂದು ಮನೆಯಲ್ಲಿ ಮೇಷ್ಟ್ರ ಹೆಂಡತಿ, ಅಂಕಣ ಹೋದರೆ ನಿಮಗೇನು ಕೆಲಸ ಎಂದು ಕೇಳಿದರು. ಶೆಡ್ಡಿನ ಬಾಗಿಲಲ್ಲಿ ಕೂತು ಟೋಕನ್ ಹರಿಯುವುದಂತೆ ಎಂದರು ಮೇಷ್ಟ್ರು. ಟೋಕನ್ ಹರಿಯಲು ಅವರಿಗೆ ನಾಚಿಕೆಯಿರಲಿಲ್ಲ, ಆದರೆ ಆ ಹುಡುಗಿಯರು ನಾಳೆ ಎಲ್ಲಿ ಆಡುತ್ತಾರೆ ಎಂಬುದೇ ಅವರ ಚಿಂತೆಯಾಗಿತ್ತು.

ಫೈನಲ್ ನಡೆದದ್ದು ಎದುರಾಳಿ ಕಾಲೇಜಿನ ಒಳಾಂಗಣದಲ್ಲಿ. ಅವರಿಗೆ ಕನ್ನಡಿಯಂತೆ ಹೊಳೆಯುವ ಮರದ ನೆಲವಿತ್ತು, ಬೆವರು ಒರೆಸಲು ಪ್ರತ್ಯೇಕ ಸಿಬ್ಬಂದಿಯಿತ್ತು, ಮುಖ್ಯವಾಗಿ ಎರಡು ರಿಂಗುಗಳಿದ್ದವು. ಈ ಕಡೆಯ ಹುಡುಗಿಯರು ಎಂದಿನಂತೆ ಎರಡನೆಯ ರಿಂಗನ್ನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದರು. ಅದು ತಮ್ಮದಲ್ಲ, ಕಾಯಬೇಕಾದದ್ದು, ಅದರ ಕೆಳಗೆ ಕಾರಿದೆ ಅಂದುಕೊಳ್ಳಿ ಎಂದು ಮೇಷ್ಟ್ರು ಹೇಳಿದ ಮೇಲೆ ಎಲ್ಲವೂ ತಿಳಿಯಾಯಿತು.

ಆಟ ಶುರುವಾಗಿ ತುಸು ಹೊತ್ತಿಗೇ ಎದುರಾಳಿಗಳು ತಬ್ಬಿಬ್ಬಾದರು. ಅವರು ಚೆಂಡಿನ ಸದ್ದು ಕೇಳಿ ಓಡಿ ರೂಢಿಯಿದ್ದವರು, ಈ ತಂಡದ ಚೆಂಡಿಗೆ ಸದ್ದೇ ಇರಲಿಲ್ಲ. ರಿಂಗಿನ ಬಳಿ ಗೋಡೆ ಕಟ್ಟಿದಂತೆ ನಿಂತು ಕಾದರು, ಅಲ್ಲಿಗೆ ಯಾರೂ ಬರಲಿಲ್ಲ. ಗುರಿ ತಪ್ಪಿದ ಪ್ರತಿ ಚೆಂಡನ್ನೂ ಬಾನೆಟ್ ನೆಲ ಮುಟ್ಟುವ ಮೊದಲೇ ಬಾಚಿಕೊಂಡಳು, ಕಾರಿಗೆ ತಗುಲಿದರೆ ವಶಪಡಿಸಿಕೊಳ್ಳುತ್ತಾರೆಂಬ ಹೆದರಿಕೆ ಅವಳ ರಕ್ತದಲ್ಲೇ ಇತ್ತು. ಆದರೂ ಎದುರಾಳಿಗಳು ಬಲಿಷ್ಠರು. ಕೊನೆಯ ಕೆಲವು ಸೆಕೆಂಡುಗಳಿರುವಾಗ ಎರಡು ಅಂಕ ಮುಂದಿದ್ದರು. ಚೆಂಡು ಕಡ್ಡಿಯ ಕೈಗೆ ಬಂದಾಗ ಅವಳು ಅಂಕಣದ ನಡುಗೆರೆಯ ಹತ್ತಿರವಿದ್ದಳು. ಅಷ್ಟು ದೂರದಿಂದ ಯಾರೂ ಎಸೆಯುವುದಿಲ್ಲವಾದ್ದರಿಂದ ಅವಳನ್ನು ಯಾರೂ ತಡೆಯಲಿಲ್ಲ. ಅವಳ ಲೆಕ್ಕದಲ್ಲಿ ಅದು ದೂರವಲ್ಲ, ಕಾರಿನ ಹಿಂಬದಿಯಿಂದ ಒಂದಿಷ್ಟು ಆಚೆ, ದಿನಾ ನಿಲ್ಲುವ ಜಾಗ. ಚೆಂಡು ಮೇಲೇರಿ, ಯಾವುದಕ್ಕೂ ತಾಗದೆ, ಪರೀಕ್ಷಾ ವಿಭಾಗಕ್ಕೆ ಕಿಂಚಿತ್ತೂ ತೊಂದರೆಯಾಗದಂತೆ ರಿಂಗಿನೊಳಗೆ ಇಳಿಯಿತು. ದೂರದ ಎಸೆತಕ್ಕೆ ಮೂರು ಅಂಕವಾದ್ದರಿಂದ ಕಾಲೇಜು ಒಂದು ಅಂಕದಿಂದ ಗೆದ್ದಿತು. ಸೀಟಿ ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತರು.

ಪ್ರಾಂಶುಪಾಲರು ಎದ್ದು ಮೈಕಿನ ಬಳಿ ಹೋದರು. ಸಮಿತಿ ಒಪ್ಪಿದ ಭಾಷಣ ಒಂದೇ ಇತ್ತು, ಒಪ್ಪದ ಭಾಷಣ ಮಾಡುವುದು ಅವರ ಅಧಿಕಾರವ್ಯಾಪ್ತಿಯಲ್ಲಿರಲಿಲ್ಲ. ಕಪ್ ಹಿಡಿದು ಕುಣಿಯುತ್ತಿದ್ದ ಹುಡುಗಿಯರತ್ತ ನೋಡಿ, "ಮಕ್ಕಳೇ, ಕುಗ್ಗಬೇಡಿ, ಇಂಥ ಗಳಿಗೆಗಳು ಎಲ್ಲರ ಬಾಳಿನಲ್ಲೂ ಬರುತ್ತವೆ, ಬೇಗ ಮರೆತುಬಿಡಿ" ಎಂದು ಪೂರ್ತಿ ಓದಿದರು. ಎದುರಾಳಿ ತಂಡದವರಿಗೆ ಇದರಿಂದ ಬಹಳ ಸಮಾಧಾನವಾಯಿತು.

ಮಾರನೆಯ ದಿನ ಗೆಲುವಿನ ಕುರಿತು ವಿಚಾರಣೆ ನಡೆಯಿತು. ಯಾರ ಮೇಲೂ ಆರೋಪವಿಲ್ಲ, ಆದದ್ದು ಹೇಗಾಯಿತೆಂದು ತಿಳಿಯಲಷ್ಟೇ ಎಂದು ಅಧೀಕ್ಷಕರು ಮೊದಲೇ ಸ್ಪಷ್ಟಪಡಿಸಿದರು. ಕಡ್ಡಿಯನ್ನು ಕರೆಸಿ, ಅಷ್ಟು ದೂರದಿಂದ ಏಕೆ ಎಸೆದೆ ಎಂದು ಪ್ರಾಂಶುಪಾಲರು ಕೇಳಿದರು.

"ಹತ್ತಿರ ಯಾವತ್ತೂ ಹೋಗಿಲ್ಲ ಸಾರ್. ಹತ್ತಿರ ನಿಮ್ಮ ಕಾರಿರುತ್ತೆ."

ಅಧೀಕ್ಷಕರು ನಿಧಾನವಾಗಿ, "ಅಂದ್ರೆ, ಕಲಿಸಿದ್ದು ಕಾರು" ಎಂದರು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅಲ್ಲ ಎಂದರೆ ವಿಚಾರಣೆ ಮುಂದುವರಿಯುತ್ತದೆ, ಹೌದೆಂದರೆ ಅಂಕಣ ಉಳಿಯುತ್ತದೆ. ಮೇಷ್ಟ್ರು, "ಹೌದು ಸಾರ್, ಕಾರಿನದೇ ಪಾತ್ರ ದೊಡ್ಡದು" ಎಂದರು. ಅದನ್ನು ಹೇಳುವಾಗ ಅವರಿಗೆ ಕಡ್ಡಿಯ ಮುಖ ನೋಡಲಾಗಲಿಲ್ಲ.

ಆಜ್ಞೆ ಆ ಸಂಜೆಯೇ ಹೊರಬಿತ್ತು. ಕಾರನ್ನು ಮುಖ್ಯ ತರಬೇತುದಾರ ಎಂದು ಪರಿಗಣಿಸಿ, ಮೇಷ್ಟ್ರನ್ನು ಅದರ ಸಹಾಯಕರನ್ನಾಗಿ ನೇಮಿಸಲಾಯಿತು. ತಂಡದ ಚಿನ್ನದ ಪದಕವನ್ನು ಕಾರಿನ ಒಳಗನ್ನಡಿಗೆ ತೂಗುಹಾಕಲಾಯಿತು. ಅಂಕಣವನ್ನು ಯಥಾಸ್ಥಿತಿಯಲ್ಲಿ ಕಾಪಾಡುವ ಮಾತಿಗೆ ಕಾಲೇಜು ಬದ್ಧವಾಗಿತ್ತು, ಯಥಾಸ್ಥಿತಿ ಎಂದರೆ ರಿಂಗಿನ ಕೆಳಗೆ ಕಾರು. ಒಂದು ಕಾರಿನಿಂದಲೇ ಒಂದು ಕಪ್ ಬರುವುದಾದರೆ ಉಳಿದವನ್ನು ಹೊರಗೆ ಬಿಸಿಲಲ್ಲಿ ಒಣಗಿಸುವುದು ಕ್ರೀಡೆಗೆ ಬಗೆದ ದ್ರೋಹ ಎಂದು ಉಳಿದ ಕಾರುಗಳವರು ವಾದಿಸಿದರು. ಸಮಿತಿ ತಲೆದೂಗಿತು. ವಾರದೊಳಗೆ ಅಂಕಣದ ತುಂಬ ಸಹಾಯಕ ತರಬೇತುದಾರರು ಬಣ್ಣಬಣ್ಣವಾಗಿ ನಿಂತವು. ಅವುಗಳ ಸುರಕ್ಷತೆಗಾಗಿ ಅಂಕಣಕ್ಕೆ ಬೇಲಿ, ಗೇಟು, ಒಬ್ಬ ಕಾವಲುಗಾರ. ಗೇಟಿನ ಮೇಲೆ ಫಲಕ: "ವಾಹನಗಳಿಗೆ ಮಾತ್ರ ಪ್ರವೇಶ."

ಹುಡುಗಿಯರು ಬೇಲಿಯ ಹೊರಗೆ ಚೆಂಡು ಹಿಡಿದು ನಿಂತರು. ಕಡ್ಡಿಯ ಕಣ್ಣು ಒದ್ದೆಯಾಗಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ನೇರ ಅಧೀಕ್ಷಕರ ಬಳಿ ಹೋಗಿ, ತಂಡಕ್ಕೊಂದು ವಾಹನ ಪಾಸು ಬೇಕೆಂದು ಕೇಳಿದರು.

ಅಧೀಕ್ಷಕರು ನಗಲಿಲ್ಲ. ನ್ಯಾಯವಾದ ಕೋರಿಕೆಗೆ ನಗುವವರು ಅವರಲ್ಲ.

"ಎಷ್ಟು ಚಕ್ರ?"

"ಐದು ಸಾರ್. ಹೊರಗೆ ಕೂರೋರು ಸ್ಟೆಪ್ನಿ."

"ಹಾರನ್ನು?"

ಮೇಷ್ಟ್ರು ಸೀಟಿ ಊದಿದರು. ಪರೀಕ್ಷಾ ವಿಭಾಗದಿಂದ ಯಾರೋ ಇಣುಕಿದರು. ವಾಹನದ ಹಾರನ್ನಿಗೆ ಯಾರೂ ಆಕ್ಷೇಪ ಮಾಡುವಂತಿಲ್ಲವೆಂದು ಅಧೀಕ್ಷಕರೇ ಅವರನ್ನು ಗದರಿ ಕಳಿಸಿದರು. ಪಾಸು ಮಂಜೂರಾಯಿತು.

ಅಂದಿನಿಂದ ತಂಡ ದಿನವೂ ಒಬ್ಬರ ಹಿಂದೊಬ್ಬರು ಸಾಲಾಗಿ, ಮೇಷ್ಟ್ರ ಸೀಟಿಯೊಂದಿಗೆ ಗೇಟು ಪ್ರವೇಶಿಸತೊಡಗಿತು. ಕಾವಲುಗಾರ ಬಹಳ ನಿಷ್ಠಾವಂತ. ಸೀಟಿ ಕೇಳದೆ ಗೇಟು ತೆಗೆಯುತ್ತಿರಲಿಲ್ಲ. ಒಮ್ಮೆ ಬಾನೆಟ್ ಬಸ್ಸು ತಪ್ಪುತ್ತದೆಂದು ಬೇಗ ಹೊರಟಾಗ, ವಾಹನವನ್ನು ಬಿಡಿಭಾಗಗಳಾಗಿ ಸಾಗಿಸುವಂತಿಲ್ಲ ಎಂದು ತಡೆದ. ಉಳಿದವರೂ ಆಟ ನಿಲ್ಲಿಸಿ ಅವಳ ಜೊತೆ ಹೊರಟರು. ಕಾರುಗಳ ಸಂದುಗಳಲ್ಲಿ ನುಸುಳುತ್ತಾ, ಮೂರು ನಾಲ್ಕು ಕಾರು ದಾಟಿಸಿ ಚೆಂಡು ಎಸೆಯುತ್ತಾ ತಂಡ ಇನ್ನಷ್ಟು ಪಳಗಿತು. ಇದನ್ನು ಕಂಡ ಸಮಿತಿ ತನ್ನ ದೂರದೃಷ್ಟಿಯನ್ನು ತಾನೇ ಮೆಚ್ಚಿಕೊಂಡಿತು.

ಹೀಗಿರುವಾಗ ಒಂದು ಸಂಜೆ ಪ್ರಾಂಶುಪಾಲರ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಅಂಗಡಿ ರಸ್ತೆಯ ತಿರುವಿನಲ್ಲೇ ಇತ್ತು. ಆದರೆ ಕೆಟ್ಟ ವಾಹನವನ್ನು ಇನ್ನೊಂದು ವಾಹನವೇ ಎಳೆಯಬೇಕು, ಮನುಷ್ಯರು ನೂಕುವಂತಿಲ್ಲ ಎಂದು ಕಾವಲುಗಾರ ನಿಯಮ ತೋರಿಸಿದ. ಉಳಿದ ಕಾರುಗಳ ಮಾಲೀಕರೆಲ್ಲ ಸಭೆಯಲ್ಲಿದ್ದರು. ಆಗ ಪ್ರಾಂಶುಪಾಲರ ದೃಷ್ಟಿ ತಂಡದ ಮೇಲೆ ಬಿತ್ತು. ಪಾಸು ಪರಿಶೀಲಿಸಲಾಯಿತು, ಊರ್ಜಿತದಲ್ಲಿತ್ತು. ಹುಡುಗಿಯರು ಕಾರಿಗೆ ಹಗ್ಗ ಬಿಗಿದು, ಸ್ಟೆಪ್ನಿಗಳನ್ನೂ ಸೇರಿಸಿಕೊಂಡು, ಅದನ್ನು ಎಳೆದು ಗೇಟು ದಾಟಿಸಿ ಮೆಕ್ಯಾನಿಕ್‌ಗೆ ಒಪ್ಪಿಸಿ ಬಂದರು.

ಹಿಂತಿರುಗಿ ನೋಡಿದರೆ ರಿಂಗಿನ ಕೆಳಗೆ ಬರಿಯ ನೆಲ. ಮೇಷ್ಟ್ರು ಇಷ್ಟು ವರ್ಷ ಹಂಬಲಿಸಿದ್ದು ಇದನ್ನೇ.

"ಹೋಗಮ್ಮಾ, ಹತ್ತಿರ ಹೋಗು," ಎಂದರು ಕಡ್ಡಿಗೆ. "ಒಂದ್ಸಲ ಹತ್ತಿರದಿಂದ ಹಾಕು."

ಕಡ್ಡಿ ಹೋಗಿ ರಿಂಗಿನ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ಕೈ ಚಾಚಿದರೆ ಸಿಕ್ಕೀತು ಎನ್ನಿಸುವಷ್ಟು ಹತ್ತಿರ. ಎಸೆದಳು. ಚೆಂಡು ಹಲಗೆಯ ಮೇಲಿಂದ ಹಾದು ಪರೀಕ್ಷಾ ವಿಭಾಗದ ಅಂಗಳಕ್ಕೆ ಬಿತ್ತು. ಅದನ್ನು ತಂದು ಇನ್ನೊಮ್ಮೆ ಎಸೆದಳು, ಕಬ್ಬಿಣಕ್ಕೆ ಬಡಿದು ತಿರುಗಿ ಅವಳ ಹಣೆಗೇ ಬಂತು. ಅದನ್ನು ಹಿಡಿಯಲು ಹಾರಿದ ಬಾನೆಟ್, ಸುತ್ತು ಹಾಕಲು ಕಾರಿಲ್ಲದೆ ದಿಕ್ಕು ತಪ್ಪಿ ಕಂಬಕ್ಕೆ ಡಿಕ್ಕಿ ಹೊಡೆದಳು. ಉಳಿದವರೂ ಒಬ್ಬೊಬ್ಬರಾಗಿ ಎಸೆದರು, ಒಂದೂ ಬೀಳಲಿಲ್ಲ.

"ಸಾರ್," ಎಂದಳು ಕಡ್ಡಿ ಹಣೆ ಉಜ್ಜಿಕೊಳ್ಳುತ್ತಾ, "ಕಾರು ಯಾವಾಗ ಬರುತ್ತೆ?"

ಮೇಷ್ಟ್ರು ಸಹಾಯಕ ತರಬೇತುದಾರರ ನೆಲೆಯಲ್ಲಿ ಕಚೇರಿಗೆ ಹೋಗಿ, ಮುಖ್ಯ ತರಬೇತುದಾರರ ಗೈರುಹಾಜರಿಯಿಂದ ಅಭ್ಯಾಸ ಹಾಳಾಗುತ್ತಿದೆ, ದಯಮಾಡಿ ಅವರನ್ನು ಬೇಗ ದುರಸ್ತಿ ಮಾಡಿಸಿ ಸ್ವಸ್ಥಾನದಲ್ಲಿ ನಿಲ್ಲಿಸಬೇಕು ಎಂದು ವಿನಂತಿಸಿಕೊಂಡರು. ಆ ಮಾತು ಮನಸಾರೆ ಹೇಳಿದ್ದು. ಅಧೀಕ್ಷಕರಿಗೆ ಎದೆ ತುಂಬಿ ಬಂತು. ಇಷ್ಟು ದಿನಕ್ಕೆ ನಿಮಗೆ ನಿಯಮ ಅರ್ಥವಾಯಿತಲ್ಲ ಮೇಷ್ಟ್ರೇ ಎಂದು ಕೈ ಕುಲುಕಿದರು.

ಎರಡು ದಿನದಲ್ಲಿ ಕಾರು ಬಂತು. ಪ್ರಾಂಶುಪಾಲರು ಅದನ್ನು ರಿಂಗಿನ ಕೆಳಗೆ ನಿಲ್ಲಿಸುವಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಬಾನೆಟ್ ತನ್ನ ತೋಳಿನಿಂದ ಅದರ ಬಾನೆಟ್ಟಿನ ಧೂಳು ಒರೆಸಿದಳು. ಕಡ್ಡಿ ಕಾರುಗಳ ಆಚೆ, ತನ್ನ ಜಾಗಕ್ಕೆ ಹೋಗಿ, ಉಸಿರು ಬಿಟ್ಟು ಚೆಂಡನ್ನು ಎತ್ತಿ ಎಸೆದಳು. ಅದು ಯಾವುದಕ್ಕೂ ತಾಗದೆ ರಿಂಗಿನೊಳಗೆ ಇಳಿದು ಬಾನೆಟ್‌ಳ ಕೈ ಸೇರಿತು. ಸೀಟಿ ಮೇಷ್ಟ್ರು ಸಂತೋಷ ತಡೆಯಲಾಗದೆ ಜೋರಾಗಿ ಸೀಟಿ ಊದಿಬಿಟ್ಟರು. ವಾಹನ ಹೊರಡುತ್ತಿದೆ ಎಂದುಕೊಂಡು ಕಾವಲುಗಾರ ಗೇಟು ತೆಗೆದು ಬದಿಗೆ ನಿಂತ.