ದೌಲತರಾಯನ ಪಿಕಪ್ ಮಂಚ

ದೌಲತರಾಯ ಆರಡಿ ಉದ್ದ, ಅವನ ಪಿಕಪ್ಪಿನ ಸೀಟು ನಾಲ್ಕಡಿ. ಕಿಣ್ಣಿ ಸುಲ್ತಾನ ಎಂಬ ಊರಿನ ಈ ಬಡಪಾಯಿಯ ಗೋಳೆಲ್ಲ ನಡುವಿನ ಎರಡಡಿಯಲ್ಲೇ ಇತ್ತು. ಸ್ಟೀಲ್ ಪಾತ್ರೆ ತುಂಬಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಅಂತ ಸಂತೆ ಸುತ್ತುವವನು. ಒಳ್ಳೆಯ ಜಾಗ ಹಿಡಿಯಲು ಹಿಂದಿನ ರಾತ್ರಿಯೇ ಹೋಗಿ ಸೀಟಿನಲ್ಲಿ ಮುದುಡಿ ಮಲಗಬೇಕು. ಹನ್ನೆರಡು ವರ್ಷ ಹೀಗೆ ಮಲಗಿ ಬೆನ್ನು ಕುಡುಗೋಲಿನಂತಾಗಿತ್ತು. "ನೆಟ್ಟಗ ಮಲಗು, ಇಲ್ಲಾ ಸಂತಿ ಬಿಡು," ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಂತೆ ಬಿಟ್ಟು ಬದುಕುವುದು ಅವನಿಗೆ ಗೊತ್ತಿರಲಿಲ್ಲ.

ಅದಕ್ಕೇ ಅಂದು ಬೆಳಿಗ್ಗೆ ಬಡಿಗ ಖಮರನನ್ನು ಕರೆಸಿದ.

"ಹಿಂದಿನ ಡಬ್ಬಿಯೊಳಗ ಹಲಗಿ ಹೊಡಿ, ಖಮರಭಾಯಿ. ಕೆಳಗ ಪಾತ್ರಿ, ಮ್ಯಾಲ ನಾನು. ಸಂಜೀಗಿ ಜೇವರ್ಗಿಗಿ ಹೋಗಬೇಕು."

"ಮಧ್ಯಾಹ್ನಕ್ಕೇ ಮುಗಸ್ತೇನಿ. ಹತ್ರ ಯಾರಿಗೂ ಬರಗೊಡಬ್ಯಾಡ, ಅಷ್ಟೇ."

ಅದೊಂದೇ ದೌಲತರಾಯನ ಕೈಲಾಗಲಿಲ್ಲ. ಎದುರು ಮನೆಯ ಶ್ರೀಮಂತ ಚಹದ ಕಪ್ಪು ಹಿಡಿದೇ ಬಂದ. "ಇಷ್ಟು ಗಿಡ್ಡ ಇದ್ರ ಕೆಳಗ ದೊಡ್ಡ ಕೊಡ ಹ್ಯಾಂಗ ಹಿಡಿತಾವ?" ಹಲಗೆ ಒಂದಡಿ ಮೇಲೇರಿತು. ಪಕ್ಕದ ಮನೆಯ ಹೀರಾಬಾಯಿ ಬಂದಳು. "ನಿದ್ದಿಗಣ್ಣಾಗ ಬಿದ್ದರ ಯಾರು ಎತ್ತೋರು?" ಸುತ್ತ ಕಟಕಟೆ ಬಂತು. ಕೊನೆಗೆ ಹೆಂಡತಿ ಸುಭದ್ರಾಬಾಯಿ ಸೊಳ್ಳೆಯ ಮಾತು ತೆಗೆದಳು. ನಾಲ್ಕು ಕಂಬ ನಿಂತವು, ಅವಳ ಬಿಳಿ ಸೊಳ್ಳೆಪರದೆ ಇಳಿಬಿತ್ತು.

"ನೀ ಮಂಚ ಹೇಳಿದ್ದೋ, ಮಹಲ್ ಹೇಳಿದ್ದೋ?" ಎಂದು ಖಮರ ಬೆವರೊರೆಸಿಕೊಂಡ.

ದೌಲತರಾಯ ಹತ್ತಿ ಮಲಗಿದ. ಕಾಲು ಚಾಚಿದ, ಇನ್ನೂ ಚಾಚಿದ. ಬೆರಳಿಗೆ ಏನೂ ತಾಗಲಿಲ್ಲ. ಆ ಸುಖಕ್ಕೆ ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಭಜನೆ ಮೇಳದ ಹಿರಿಯ ಚಂದ್ರಾಮ ಏದುಸಿರು ಬಿಡುತ್ತ ಬಂದ. ಊರಿಗೆ ಬರುತ್ತಿದ್ದ ಮಠದ ಸ್ವಾಮಿಗಳಾದ ಅಪ್ಪಾರ ಜೀಪು ಊರಬಾಗಿಲ ಅಗಸಿಯ ಹತ್ತಿರ ಕೆಟ್ಟು ನಿಂತಿತ್ತು, ಮೆರವಣಿಗೆಗೆ ಗಾಡಿ ಇರಲಿಲ್ಲ.

"ಮಂಟಪ ತಯಾರ್ ಮಾಡಿ ಅದರಾಗೇ ಮಲಗೀಯಲ್ಲೋ. ಇಳಿ ಇಳಿ."

"ಇದು ಮಂಟಪ ಅಲ್ಲ ಕಾಕಾ, ಮಂಚ."

"ನಾಕು ಕಂಬ ಅವ, ಕಟಕಟಿ ಅದ, ಬಿಳಿ ಪರದಿ ಅದ. ಮತ್ತೇನು ಬೇಕು?"

ಹೀರಾಬಾಯಿ ಆಗಲೇ ಕಂಬಕ್ಕೆ ಚೆಂಡುಹೂ ಕಟ್ಟುತ್ತಿದ್ದಳು. ದೌಲತರಾಯ ಎರಡೂ ಕೈಯಲ್ಲಿ ಕಟಕಟೆ ಹಿಡಿದುಕೊಂಡ. ಅಪ್ಪಾರು ಒಮ್ಮೆ ಕೂತ ಜಾಗಕ್ಕೆ ಆ ಊರಿನ ಸಂಸಾರಸ್ಥರು ಕಾಲು ಸೋಕಿಸುವವರಲ್ಲ. ಐದು ವರ್ಷದ ಹಿಂದೆ ಅಪ್ಪಾರು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗೆ ಶ್ರೀಮಂತ ಇವತ್ತಿಗೂ ಊದಿನಕಡ್ಡಿ ಬೆಳಗುತ್ತಿದ್ದ. ಆದರೂ ಬೇಡ ಎನ್ನುವ ಧೈರ್ಯ ಯಾರಿಗಿದೆ? ಊರೆಲ್ಲ ಡೊಳ್ಳಿನ ಸದ್ದಿಗೆ ಕುಣಿಯುತ್ತಿದ್ದಾಗ, ಸ್ಟೇರಿಂಗ್ ಹಿಡಿದವನೊಬ್ಬನೇ ಅಳುಮೋರೆಯಲ್ಲಿದ್ದ.

ಮೆರವಣಿಗೆ ಮುಗಿದು ಜನ ಪ್ರಸಾದಕ್ಕೆ ಹೋದಾಗ, ಅವನು ಮೆಲ್ಲಗೆ ಹಿಂದೆ ಬಂದು ಮಂಚದ ಮೇಲೆ ಕೂತಿದ್ದ ಅಪ್ಪಾರಿಗೆ ಕೈಮುಗಿದು ತನ್ನ ಬೆನ್ನಿನ ಕತೆಯನ್ನೆಲ್ಲ ಹೇಳಿಕೊಂಡ. ಅಪ್ಪಾರು ನಕ್ಕರು.

"ಕಟ್ಟಿಗೀಗಿ ಎಂಥಾ ಮಡಿ, ತಮ್ಮಾ? ದುಡಿಯೋನ ಬೆನ್ನು ದೊಡ್ಡದು. ನೀನೇ ಮಲಕೋ. ಯಾರರೆ ಕೇಳಿದ್ರ ನಾ ಹೇಳೇನಂತ ಹೇಳು."

ದೌಲತರಾಯನಿಗೆ ಹೋದ ಜೀವ ಬಂದಂತಾಯಿತು. ಕಾಲಿಗೆ ಬಿದ್ದ. ಅಪ್ಪಾರು ಹಲಗೆಯ ಮೇಲೆ ಕೈಯಾಡಿಸಿದರು.

"ಖರೇನೇ ಕಾಲು ಪೂರಾ ಚಾಚಬಹುದೇನು?"

"ಚಾಚಿ ನೋಡ್ರಿ, ಅಪ್ಪಾರ," ಎಂದುಬಿಟ್ಟ, ಖುಷಿಯಲ್ಲಿ.

ಅಪ್ಪಾರು ಚಾಚಿದರು. "ಹೋದ ಊರಾಗೆಲ್ಲ ಕೂಡಸ್ತಾರ ತಮ್ಮಾ. ಮಲಕೋರಿ ಅಂತ ಒಬ್ಬರೂ ಅನ್ನಂಗಿಲ್ಲ," ಎಂದರು. ಮಾತು ಮುಗಿಯುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಪ್ರಸಾದ ಮುಗಿಸಿ ಬಂದ ಚಂದ್ರಾಮ ಪರದೆ ಸರಿಸಿ ನೋಡಿ ತುಟಿಗೆ ಬೆರಳಿಟ್ಟ. "ಎಬ್ಬಿಸಬ್ಯಾಡ. ಅಪ್ಪಾರ ಮುಂದಿನ ಊರು ಜೇವರ್ಗಿ ದಾರ್ಯಾಗೇ ಅದ. ಜೀಪು ರಿಪೇರಿಗಿ ಎಂಟು ದಿನ ಬೇಕಂತ. ಅಲ್ಲೀತನಕ ನಿನ್ನ ಗಾಡೀನೇ. ಸಾವಕಾಶ ಹೊಡಿ."

ದೌಲತರಾಯ ನಿಟ್ಟುಸಿರು ಬಿಟ್ಟು ಗಾಡಿ ಶುರು ಮಾಡಿದ. ಆದರೆ ಊರು ದಾಟುವಷ್ಟರಲ್ಲಿ ಮನಸ್ಸು ಹಗುರಾಯಿತು. ಅಪ್ಪಾರ ಅಪ್ಪಣೆಯೇ ಸಿಕ್ಕಿದೆ. ಎಂಟು ದಿನ ತಾನೇ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆದುಹೋಗುತ್ತದೆ.

ಹಿಂದಿನಿಂದ ಅಪ್ಪಾರ ನಿದ್ದೆ ತುಂಬಿದ ದನಿ ಕೇಳಿಸಿತು.

"ತಮ್ಮಾ, ಆ ಜೀಪು ರಿಪೇರಿ ಮಾಡಸಬ್ಯಾಡ ಅಂತ ಚಂದ್ರಾಮಗ ಒಂದು ಫೋನ್ ಹಚ್ಚು."