ಮೂವತ್ತಾರು ಕಿಲೋ ರೊಟ್ಟಿ

ಈ ಮನೆಯಿಂದ ಹೊರಡುವ ಒಂದೇ ಒಂದು ರೊಟ್ಟಿಯೂ ಇನ್ನು ದಾರಿಯಲ್ಲಿ ಮುರಿಯತಕ್ಕದ್ದಲ್ಲ ಎಂದು ಶಿವರಾಯರು ೨೦೨೫ರ ಫೆಬ್ರುವರಿ ೧೨, ಬುಧವಾರ, ಬೆಳಗಿನ ಒಂಬತ್ತೂ ಕಾಲಿಗೆ ಘೋಷಿಸಿದರು. ಮೋಜಣಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ನಾಲ್ಕು ತಿಂಗಳು ಜೇವರ್ಗಿ ತಾಲ್ಲೂಕಿನ ಹೊಲಗಳನ್ನು ಸರಪಳಿ ಹಿಡಿದು ಅಳೆದು ನಿವೃತ್ತರಾದವರು; ಅವರ ಘೋಷಣೆಗಳಿಗೆ ತಿದ್ದುಪಡಿ ಇರುತ್ತಿರಲಿಲ್ಲ.

ಸಂದರ್ಭವೂ ಸಣ್ಣದಲ್ಲ. ಹೆಂಡತಿ ಸುಂದರಬಾಯಿ ಫೋನಿನಲ್ಲೇ ನಡೆಸುತ್ತಿದ್ದ ಕಡಕ್ ರೊಟ್ಟಿ ವ್ಯಾಪಾರಕ್ಕೆ ಮೊದಲ ಬಾರಿ ಹೊರರಾಜ್ಯದ ಬೇಡಿಕೆ ಬಂದಿತ್ತು. ಪುಣೆಯ ನೀತಾಬಾಯಿಯ ಮನೆಯಲ್ಲಿ ಹದಿನಾರನೆಯ ತಾರೀಖು, ಭಾನುವಾರ, ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಐವತ್ತು ರೊಟ್ಟಿಗೆ ಐದುನೂರು, ಕೊರಿಯರಿಗೆ ನೂರರವತ್ತು ರೂಪಾಯಿ ಮೊದಲೇ ಸಂದಾಯವಾಗಿತ್ತು.

“ಇದೊಂದು ಛಲೋ ಮುಟ್ಟಿದ್ರ ಪುಣೆದಾಗ ಹತ್ತು ಮನಿ ಹಿಡದಂಗ. ಕೆಟ್ರ ನನ್ನ ವ್ಯಾಪಾರ ಇಲ್ಲಿಗೇ ಮುಗೀತು. ಅಳದು ಡಬ್ಬಿ ಇಟ್ಟೇನಿ, ಅದರಾಗ ಹಾಕಿ ಕೊಟ್ಟು ಬರ್ರಿ,” ಎಂದಳು ಸುಂದರಬಾಯಿ.

“ಅಷ್ಟು ಇಕ್ಕಟ್ಟಿನಾಗ ರೊಟ್ಟಿ ಉಸಿರಾಡೂದು ಹ್ಯಾಂಗ?”

“ರೊಟ್ಟಿ ಉಸಿರಾಡಂಗಿಲ್ರಿ.”

ಆಕೆ ಗಿರಣಿಗೆ ಹೋದದ್ದೇ ತಡ, ಶಿವರಾಯರು ಅಟ್ಟದಿಂದ ಏರ್ ಕೂಲರ್ ಬಂದಿದ್ದ ಖಾಲಿ ರಟ್ಟಿನ ಡಬ್ಬಿ ಇಳಿಸಿದರು. ತಳಕ್ಕೆ ಕೌದಿ, ಇಕ್ಕೆಲಕ್ಕೆ ತಲೆದಿಂಬು, ಮೂಲೆಮೂಲೆಗೆ ಜನವರಿಯ ಪತ್ರಿಕೆಗಳು, ಅವೂ ತಾರೀಖಿನ ಕ್ರಮದಲ್ಲಿ. ನಡುವೆ ಐವತ್ತು ರೊಟ್ಟಿಗಳು ಸಿಂಹಾಸನಾರೂಢವಾದವು.

ಮಧ್ಯಾಹ್ನ ಮೂರೂ ನಲವತ್ತಕ್ಕೆ ಡಬ್ಬಿ ಆಟೋದಿಂದ ಕೊರಿಯರ್ ಕಚೇರಿಗೆ ಇಳಿಯಿತು. ಕೌಂಟರಿನ ಹಿಂದೆ ಕುಳಿತಿದ್ದ ಮಸರತ ಕೇಳಿದಳು: “ಕಾಕಾರ, ಕೂಲರ್ ವಾಪಸ್ ಕಳಸಾಕತ್ತೀರೇನ್ರಿ?”

“ರೊಟ್ಟಿ.”

“ಎಷ್ಟು ಊರಿಗ್ರಿ?”

ತಕ್ಕಡಿ ಆರು ಕಿಲೋ ತೋರಿಸಿತು. ಮಸರತ ಟೇಪು ಹಿಡಿದು ಅಳೆದಳು: ಉದ್ದ ಅರವತ್ತು ಸೆಂಟಿಮೀಟರ್, ಅಗಲ ಐವತ್ತು, ಎತ್ತರ ಅರವತ್ತು. ಮೂರನ್ನೂ ಗುಣಿಸಿ ಐದು ಸಾವಿರದಿಂದ ಭಾಗಿಸಿದಳು.

“ಮೂವತ್ತಾರು ಕಿಲೋ. ಸಾವಿರದ ನಾಕ್ನೂರಾ ನಲವತ್ತು ರೂಪಾಯಿ ಕೊಡ್ರಿ.”

“ಕಾಟಾ ಆರು ಅನ್ನಾಕತ್ತದ. ನೀ ಮೂವತ್ತಾರು ಅಂತೀದಿ!”

“ಗಾಡ್ಯಾಗ ಎಷ್ಟು ಜಾಗಾ ಹಿಡೀತದ, ಅದಕ್ಕ ರೊಕ್ಕ ಕಾಕಾರ. ಗಾಳಿ ತುಂಬಿಸಿ ಕಳಸಿದ್ರ ಗಾಳೀಗೂ ಟಿಕೀಟು.”

ಜೀವಮಾನವಿಡೀ ಉದ್ದಗಲ ಅಳೆದವರಿಗೆ ಎತ್ತರವೆಂಬ ಮೂರನೆಯ ಅಳತೆ ಹೊಳೆದೇ ಇರಲಿಲ್ಲ. ಹೊಲಕ್ಕೆ ಎತ್ತರವಿರುವುದಿಲ್ಲ.

ನಾಲ್ಕು ಗಂಟೆಗೆ ಗಾಡಿ ಹೊರಡುವುದು. ಮನೆಗೆ ಹೋಗಿಬರಲು ವೇಳೆಯಿಲ್ಲ. ಮಸರತಳ ಬಳಿಯಿದ್ದ ಸಣ್ಣ ಡಬ್ಬಿಯಾದರೆ ನಾಲ್ಕು ಕಿಲೋ ಲೆಕ್ಕ, ನೂರರವತ್ತು ರೂಪಾಯಿ. ಶಿವರಾಯರು ಸರದಿಯ ಜನರೆದುರು ತಲೆದಿಂಬು ತೆಗೆದರು. ಮತ್ತೊಂದು ತೆಗೆದರು. ಕೌದಿಯನ್ನೂ ಎಳೆದರು.

ಹಿಂದೆ ನಿಂತಿದ್ದ ಗುಡುಸಾಬ ಶಾಂತವಾಗಿ ಹೇಳಿದ: “ಒಳಗ ಯಾರರ ಮಲಗ್ಯಾರೇನ್ ನೋಡ್ರಿ ಕಾಕಾರ.”

ಸಣ್ಣ ಡಬ್ಬಿಯ ಅಗಲ ಇಪ್ಪತ್ತೈದು; ರೊಟ್ಟಿಯದು ಇಪ್ಪತ್ತೇಳು. ಎರಡೇ ಸೆಂಟಿಮೀಟರ್ ಒತ್ತುವರಿ! ಶಿವರಾಯರು ಓರೆಯಾಗಿಸಿ ನೋಡಿದರು, ಉಸಿರು ಬಿಗಿಹಿಡಿದು ಮೆಲ್ಲಗೆ ಒತ್ತಿದರು. ಟಕ್ ಎಂದಿತು. ಆಮೇಲೆ ಆ ಸದ್ದು ನಿಲ್ಲಲೇ ಇಲ್ಲ.

ಮೂರೂ ಐವತ್ತೆರಡಕ್ಕೆ ಮನೆಗೆ ಫೋನು ಮಾಡಿ ಹೆಂಡತಿಗೆ ನಡೆದದ್ದನ್ನು ಹೇಳಿದರು.

“ಎಷ್ಟು ಮುರದಾವ್ರಿ?”

“ಇಡೀವು ಎಷ್ಟು ಉಳದಾವ ಅಂತ ಕೇಳು.”

“ಎಷ್ಟು?”

“ಒಂದೂ ಇಲ್ಲ.”

“ಹಂಗೇ ಕಳಸ್ರಿ. ನೀತಾಬಾಯಿಗ ಖರೇ ಏನದ ಅದನ್ನ ನಾನೇ ಹೇಳ್ತೇನಿ.”

ನಾಲ್ಕು ದಿನ ಸುಂದರಬಾಯಿ ಊಟಕ್ಕೆ ಬಡಿಸಿದಳು, ಮಾತನಾಡಲಿಲ್ಲ. ಹದಿನೇಳನೆಯ ತಾರೀಖು, ಸೋಮವಾರ, ಬೆಳಿಗ್ಗೆ ಪುಣೆಯಿಂದ ಸಂದೇಶ ಬಂತು. ಇಡೀ ರೊಟ್ಟಿಯನ್ನು ಹೇಗೆ ತಿನ್ನಬೇಕೆಂದು ತಿಳಿಯದ ಅಲ್ಲಿಯ ಬೀಗರು ಈ ತುಂಡುಗಳನ್ನು ಬೊಗಸೆಬೊಗಸೆ ಎತ್ತಿಕೊಂಡು ಶೇಂಗಾ ಹಿಂಡಿಯ ಚಟ್ನಿಯಲ್ಲಿ ಅದ್ದಿ ಮುಗಿಸಿದ್ದರಂತೆ. ಇನ್ನೂ ಇನ್ನೂರು ರೊಟ್ಟಿ ಬೇಕು. ಎಲ್ಲವನ್ನೂ ಮುರಿದೇ ಕಳಿಸಬೇಕು.

ಸುಂದರಬಾಯಿ ರೊಟ್ಟಿಯ ಬುಟ್ಟಿಯನ್ನು ತಂದು ಗಂಡನ ಮುಂದಿಟ್ಟಳು. ಶಿವರಾಯರು ಅಳತೆಪಟ್ಟಿ ಹಿಡಿದು ಕುಳಿತರು; ಪ್ರತಿ ತುಂಡೂ ಆರು ಸೆಂಟಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ತಾಸಿನ ಬಳಿಕ ಆಕೆ ಬಂದು ನೋಡಿ ಪಟ್ಟಿ ಕಸಿದುಕೊಂಡಳು.

“ಏಳ್ರಿ. ಇಷ್ಟು ಸರಿ ಮುರಿದ್ರ ಮಷೀನಿನ ರೊಟ್ಟಿ ಅಂತಾರ. ನಿಮಗ ಕೆಡಿಸ್ಲಿಕ್ಕೂ ಬರಂಗಿಲ್ಲ.”